ಮೇಲಿನ ನೀರು

ನನ್ನ ಅತ್ತಿಗೆ ಕಾರು ತೊಳೆಯುತ್ತಿದ್ದಳು ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಕಾರು ತೊಳೆಯುತ್ತಿದ್ದದ್ದು ಡ್ರೈವರಣ್ಣ. ಅತ್ತಿಗೆ ತೊಳೆಯುತ್ತಿದ್ದದ್ದು ಗಾಲಿ. ಗಾಲಿಯೂ ಕಾರಿನದ್ದೇ ಅಲ್ಲವೇ ಎಂದು ನೀವು ಕೇಳಬಹುದು. ನಾನೂ ಮೊದಮೊದಲು ಹಾಗೇ ಅಂದುಕೊಂಡಿದ್ದೆ. ಆ ಮನೆಯಲ್ಲಿ ಕೆಲಸ ಮಾಡಿ ನೋಡಿ, ಗೊತ್ತಾಗುತ್ತದೆ.

ದೊಡ್ಡ ಮನೆ ಅದು. ಗೇಟು ದಾಟಿದರೆ ಕಲ್ಲು ಹಾಸಿದ ಅಂಗಳ. ಅಂಗಳದ ತುದಿಗೆ ಕಾರು ನಿಲ್ಲಿಸುವ ಮಾಡು. ಯಜಮಾನರದ್ದೊಂದು ಕಾರು, ಅಮ್ಮಾವ್ರದ್ದೊಂದು, ಮಗನದ್ದೊಂದು. ಮಾಡಿಗೆ ಎದುರಾಗಿ ಅಡುಗೆಮನೆಯ ಕಿಟಕಿ. ಕಿಟಕಿಯ ಒಳಗೆ ನಿಂತು ನಾನು ಪಾತ್ರೆ ತೊಳೆಯುತ್ತಿದ್ದೆ. ಹೊರಗೆ ಕೂತು ಅತ್ತಿಗೆ ಗಾಲಿ ತೊಳೆಯುತ್ತಿದ್ದಳು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಬರುತ್ತಿದ್ದೆವು, ಕೆಲಸ ಮುಗಿಸಿ ಒಟ್ಟಿಗೆ ಹೋಗುತ್ತಿದ್ದೆವು. ನಡುವೆ ಒಂದು ಕಿಟಕಿ ಇತ್ತು, ಅಷ್ಟೇ.

ಅವಳು ನನ್ನ ಅಣ್ಣನ ಹೆಂಡತಿ. ಅಮ್ಮ ತೀರಿಕೊಂಡಾಗ ನಾನಿನ್ನೂ ಚಿಕ್ಕವಳು. ನನ್ನ ತಲೆ ಬಾಚಿದವಳು, ಹೇನು ತೆಗೆದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ಎಲ್ಲ ಇವಳೇ. ಆಮೇಲೆ ಅಣ್ಣ ಸತ್ತು ಹೋದ. ನನ್ನ ಗಂಡ ಬಿಟ್ಟು ಹೋದ. ಇಬ್ಬರಲ್ಲಿ ಯಾರ ಪಾಡು ವಾಸಿ ಅಂತ ನಾವು ಆಗಾಗ ಜಗಳ ಆಡುತ್ತಿದ್ದೆವು. "ನಿಂದೇ ವಾಸಿ ಕಣೇ," ಅನ್ನುತ್ತಿದ್ದಳು ಅತ್ತಿಗೆ. "ನಿನ್ನವನು ಬದುಕಿದ್ದಾನೆ. ಎಲ್ಲಾದ್ರೂ ಎದುರಿಗೆ ಸಿಕ್ಕಿದ್ರೆ ಬಾಯಿತುಂಬ ಬೈಬಹುದು. ನಾನು ಯಾರಿಗೆ ಬೈಲಿ?" ಹೀಗೆ ಹೇಳಿ ತಾನೇ ನಗುತ್ತಿದ್ದಳು. ನಕ್ಕರೆ ಅವಳ ಎರಡೂ ಕಣ್ಣು ಮುಚ್ಚಿಹೋಗುತ್ತಿದ್ದವು.

ಗಾಲಿ ತೊಳೆಯುವುದೆಂದರೆ ನೀರು ಎರಚುವುದಲ್ಲ. ಕುಕ್ಕರಗಾಲಲ್ಲಿ ಕೂರಬೇಕು. ರಿಮ್ಮಿನ ಕಡ್ಡಿಗಳ ಸಂದಿಯಲ್ಲಿ ಬ್ರೇಕು ಸವೆದ ಕರಿ ಮಸಿ ಕೂತಿರುತ್ತದೆ. ಅದು ಸೋಪಿಗೆ ಬಗ್ಗುವುದಿಲ್ಲ. ಅದಕ್ಕೊಂದು ಆಸಿಡ್ಡು. ಗ್ಯಾರೇಜಿನಿಂದ ಕ್ಯಾನಿನಲ್ಲಿ ತರಿಸಿ ಚಿಮ್ಮುವ ಬಾಟಲಿಗೆ ಹಾಕಿಡುತ್ತಿದ್ದರು. ಚಿಮ್ಮಿಸಬೇಕು, ಅದು ಒಣಗುವುದರೊಳಗೆ ಬ್ರಶ್ಶಿನಲ್ಲಿ ಉಜ್ಜಬೇಕು, ತೊಳೆಯಬೇಕು. ನಟ್ಟುಗಳ ಗುಳಿಗೆ ಹಲ್ಲುಜ್ಜುವ ಬ್ರಶ್ಶು. ಆ ಮನೆಯವರು ಉಜ್ಜಿ ಬಿಸಾಕಿದ ಬ್ರಶ್ಶುಗಳೇ. ಯಾವುದು ಯಾರ ಬಾಯಿಯದ್ದು ಅಂತ ಅತ್ತಿಗೆಗೆ ಗೊತ್ತಿತ್ತು. "ಇದು ಯಜಮಾನರದ್ದು, ನೋಡು ಹೆಂಗೆ ಕಚ್ಚಿದ್ದಾರೆ," ಅನ್ನುತ್ತಿದ್ದಳು. ಒಣಗಿದ ಮೇಲೆ ರಿಮ್ಮಿಗೆ ಮೇಣ, ಟೈರಿಗೆ ಕರಿ ಪಾಲಿಶ್. ಬಿಸಿಲಿಗೆ ಟೈರು ಬಿರುಕು ಬಿಡಬಾರದು ಅಂತ ಮಧ್ಯಾಹ್ನ ಗಾಲಿಗಳಿಗೆ ದಪ್ಪ ಬಟ್ಟೆಯ ಹೊದಿಕೆ ಬೇರೆ. ಅತ್ತಿಗೆಯ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಆ ಬಿಸಿಲಲ್ಲೇ ಕೂತು ಅವಳು ಟೈರಿಗೆ ಹೊದಿಸುತ್ತಿದ್ದಳು. ಉಗುರು ಪುಡಿಪುಡಿ. ಅಂಗೈಯ ಗೆರೆಯಲ್ಲಿ ಮಸಿ. ಎಷ್ಟು ತೊಳೆದರೂ ಆಸಿಡ್ಡಿನ ವಾಸನೆ ಹೋಗುವುದಿಲ್ಲ ಅಂತ ಮನೆಯಲ್ಲಿ ಚಮಚದಲ್ಲಿ ಉಣ್ಣುತ್ತಿದ್ದಳು.

ಆ ಮಾಡಿನಲ್ಲಿ ಎರಡು ನೀರು ಇತ್ತು.

ಒಂದು ಮೇಲಿನ ನೀರು. ಯಂತ್ರದಲ್ಲಿ ಸೋಸಿದ್ದು. ಬಾಗಿಲು, ಗಾಜು, ಬಾನೆಟ್ಟು ತೊಳೆಯಲು. ಸಾದಾ ನೀರು ಒಣಗಿದರೆ ಬಣ್ಣದ ಮೇಲೆ ಬಿಳಿ ಕಲೆ ಉಳಿಯುತ್ತದಂತೆ. ಅದಕ್ಕೆ ನೀಲಿ ಬಕೆಟ್ಟು, ಬಕೆಟ್ಟಿಗೆ ಮುಚ್ಚಳ, ಮುಚ್ಚಳ ಹಾಕಿದ ಬಕೆಟ್ಟಿಗೆ ಕೂರಲು ಒಂದು ಸ್ಟೂಲು. ಇನ್ನೊಂದು ಕೆಳಗಿನ ನೀರು. ಅಂಗಳದ ನಲ್ಲಿಯದ್ದು. ಹಳೆಯ ಪೇಂಟಿನ ಡಬ್ಬಿಯಲ್ಲಿ, ನೆಲದ ಮೇಲೆ. ಅದರಲ್ಲೇ ಬ್ರಶ್ಶು ಅದ್ದಬೇಕು, ಅದರಲ್ಲೇ ಬಟ್ಟೆ ಹಿಂಡಬೇಕು. ಅರ್ಧ ಗಾಲಿ ಮುಗಿಯುವುದರೊಳಗೆ ಅದು ಕಪ್ಪಾಗಿರುತ್ತಿತ್ತು, ಆಸಿಡ್ಡಿನ ನೊರೆ ತೇಲುತ್ತಿತ್ತು.

ಕೆಳಗಿನದು ಮೇಲಿನದಕ್ಕೆ ತಾಗಬಾರದು. ಇದು ಆ ಮನೆಯ ಕಟ್ಟುನಿಟ್ಟು. ಹಿಂದೆ ಯಾರೋ ಕೆಲಸದವನು ಗಾಲಿ ಒರೆಸಿದ ಬಟ್ಟೆಯಲ್ಲೇ ಬಾಗಿಲು ಒರೆಸಿದ್ದನಂತೆ. ಬಟ್ಟೆಯಲ್ಲಿದ್ದ ಒಂದು ಮರಳ ಕಣ ಬಾಗಿಲ ಉದ್ದಕ್ಕೂ ಗೀರು ಎಳೆದಿತ್ತಂತೆ. ಸರಿ, ಒಪ್ಪುತ್ತೇನೆ. ಬಟ್ಟೆ ಬೇರೆ ಇರಲಿ, ಬ್ರಶ್ಶು ಬೇರೆ ಇರಲಿ. ಕಾರಿಗೆ ಗೀರು ಬೀಳುತ್ತದೆ, ಪಾಪ. ಆದರೆ ಈ ಮಾತು ಬಟ್ಟೆಯಲ್ಲಿ ನಿಲ್ಲಲಿಲ್ಲವಲ್ಲ. ಬಟ್ಟೆಯಿಂದ ಬಕೆಟ್ಟಿಗೆ ಬಂತು. ಬಕೆಟ್ಟಿನಿಂದ ಕೈಗೆ ಬಂತು. ಕೈಯಿಂದ ಮೈಗೆ ಬಂತು. ಅತ್ತಿಗೆ ಕಾರಿಗೆ ಒರಗಬಾರದು. ಅತ್ತಿಗೆಯ ಸೆರಗು ಬಾಗಿಲಿಗೆ ಸೋಕಬಾರದು. ನನ್ನ ಟೀ ಅಡುಗೆಮನೆಯಲ್ಲಿ, ಡ್ರೈವರಣ್ಣನ ಟೀ ಮೆಟ್ಟಿಲ ಮೇಲೆ, ಅತ್ತಿಗೆಯ ಟೀ ಹಿಂದಿನ ಗೋಡೆಯ ಹತ್ತಿರ, ಹಿಡಿ ಮುರಿದ ಕಪ್ಪಿನಲ್ಲಿ. ಆ ಕಪ್ಪನ್ನು ಅವಳೇ ತೊಳೆದು ಗೂಡಿನಲ್ಲಿ ಬೋರಲಾಗಿ ಇಡಬೇಕು. ಟೀಯಲ್ಲಿ ಯಾವ ಮರಳಿತ್ತು? ಕಪ್ಪಿಗೆ ಯಾವ ಗೀರು ಬೀಳುತ್ತಿತ್ತು?

ಅವಳಿಗೊಂದು ಹೆಸರೂ ಇಟ್ಟಿದ್ದರು. ನನ್ನನ್ನು ಪಾತ್ರೆಯವಳು ಅನ್ನುತ್ತಿದ್ದರು. ಅದಾದರೂ ಮನುಷ್ಯರ ಹೆಸರು. ಅವಳು ಬರೀ ಟೈರು. "ಟೈರು ಬಂತಾ?" ಅಂತ ಅಮ್ಮಾವ್ರು ಮಹಡಿಯಿಂದ ಕೇಳುತ್ತಿದ್ದರು. ಬಂತು, ಬಂದಳು ಅಲ್ಲ. ನನ್ನ ಮೈ ಉರಿಯುತ್ತಿತ್ತು. ಅತ್ತಿಗೆ ಮಾತ್ರ, "ಬಂತು ಅಮ್ಮಾ, ಪಂಕ್ಚರ್ ಆಗದೆ ಬಂತು," ಅನ್ನುತ್ತಿದ್ದಳು.

"ನಿಂಗೆ ನಾಚಿಕೆ ಆಗಲ್ವಾ?" ಅಂತ ದಾರಿಯಲ್ಲಿ ನಾನು ಜಗಳ ತೆಗೆಯುತ್ತಿದ್ದೆ.

"ಆಗುತ್ತೆ. ಆದ್ರೆ ಏನ್ ಮಾಡ್ಲಿ, ಅವರ ಮನೆ, ಅವರ ಬಾಯಿ."

"ನಮ್ ಕಿವಿ ನಮ್ದಲ್ವಾ?"

"ಕಿವಿ ಮುಚ್ಕೊಂಡ್ರೆ ಬ್ರಶ್ಶು ಹಿಡಿಯೋರು ಯಾರು?"

ಅವಳ ಹತ್ತಿರ ಮಾತಿನಲ್ಲಿ ಗೆಲ್ಲಲು ಆಗುತ್ತಿರಲಿಲ್ಲ.

ಅವತ್ತು ಯಜಮಾನರು ದೂರದ ಊರಿನಿಂದ ಬಂದರು. ಗೇಟಿನಿಂದಲೇ ಹಾರ್ನು. ಅವರ ಹಿಂದೆಯೇ ನೆಂಟರು ಬರುವವರಿದ್ದರು, ಹೊಸ ಕಾರು ನೋಡಲು. ಕಾರಿನ ಗಾಲಿಗಳೆಲ್ಲ ಕೆಸರು, ಮಸಿ. ಯಜಮಾನರು ಇಳಿದವರೇ, "ಬೇಗ, ಬೇಗ ಮಾಡ್ಸು," ಅಂತ ಡ್ರೈವರಣ್ಣನಿಗೆ ಹೇಳಿದರು. ಕಿಟಕಿಯಲ್ಲಿ ನನಗೆ ಎಲ್ಲ ಕೇಳಿಸುತ್ತಿತ್ತು.

"ಗಾಲಿ ಸುಡ್ತಾ ಇದೆ ಸಾರ್. ಸ್ವಲ್ಪ ಆರ್ಲಿ."

"ಅದು ಆರೋವರೆಗೆ ಬಂದೋರು ಗೇಟಲ್ಲಿ ನಿಂತಿರ್ಬೇಕಾ? ಟೈರು ಎಲ್ಲಿ? ಕರಿ ಅದನ್ನ."

ಅತ್ತಿಗೆ ಓಡಿ ಬಂದಳು. ಸೆರಗು ಸಿಕ್ಕಿಸಿಕೊಂಡು ಮುಂದಿನ ಗಾಲಿಯ ಎದುರು ಕೂತಳು. ಕಡ್ಡಿಗಳ ಒಳಗೆ ಮಸಿ ಎಲ್ಲಿದೆ ಅಂತ ಬಗ್ಗಿ ನೋಡುತ್ತಾ ಬಾಟಲಿ ಒತ್ತಿದಳು. ಸುಡುವ ರಿಮ್ಮಿಗೆ ಆಸಿಡ್ಡು ಬಿದ್ದು ಚುಂಯ್ ಅಂತು. ಕಾದ ಹೆಂಚಿಗೆ ನೀರು ಬಿದ್ದಂಥ ಸದ್ದು. ಹೊಗೆ ಎದ್ದಿತು. ಅತ್ತಿಗೆ "ಅಮ್ಮಾ" ಅಂದಳು. ಜೋರಾಗಿ ಅಲ್ಲ. ಬಾಟಲಿ ಉರುಳಿತು. ಅವಳ ಮೊಣಕೈ ಮುಖದ ಮೇಲೆ ಹೋಯಿತು.

"ಕಣ್ಣು ತೊಳ್ಕೋ! ಅತ್ತಿಗೆ, ನೀರು ಹಾಕ್ಕೋ ಕಣ್ಣಿಗೆ!" ಅಂತ ನಾನು ಕಿಟಕಿಯಿಂದ ಕಿರುಚಿದೆ.

ಆಮೇಲೆ ನಡೆದದ್ದನ್ನು ನಾನು ನನ್ನ ಈ ಎರಡು ಕಣ್ಣಿನಿಂದ ನೋಡಿದ್ದೇನೆ. ಯಾರು ಏನೇ ಹೇಳಲಿ, ನಾನು ನೋಡಿದ್ದೇನೆ. ನೀಲಿ ಬಕೆಟ್ಟು ಅವಳ ಎಡಗೈಗೆ ಸಿಗುವಂತೆ ಇತ್ತು. ಡ್ರೈವರಣ್ಣ ಆಗಷ್ಟೇ ತುಂಬಿಸಿ ತಂದು ಸ್ಟೂಲಿನ ಮೇಲೆ ಇಟ್ಟಿದ್ದ, ಮುಚ್ಚಳ ಇನ್ನೂ ಹಾಕಿರಲಿಲ್ಲ. ನೀರು ಅಂಚಿನವರೆಗೆ ಇತ್ತು. ಕಣ್ಣು ಮುಚ್ಚಿಕೊಂಡೇ ಅತ್ತಿಗೆ ಕೈ ಚಾಚಿದಳು. ಬೆರಳು ಬಕೆಟ್ಟಿನ ಅಂಚಿಗೆ ತಾಗಿತು. ತಾಗಿದ್ದೇ ತಡ, ಕೈ ಹಿಂದಕ್ಕೆ ಬಂತು. ಸುಟ್ಟುಕೊಂಡವರು ಕೈ ಎಳೆದುಕೊಳ್ಳುತ್ತಾರಲ್ಲ, ಹಾಗೆ. ಆ ಕೈ ನೆಲ ತಡವಿತು. ಪೇಂಟಿನ ಡಬ್ಬಿ ಸಿಕ್ಕಿತು, ಬೆಳಿಗ್ಗೆ ಇನ್ನೊಂದು ಕಾರಿನ ಗಾಲಿ ತೊಳೆದ ನೀರು ಅದರಲ್ಲೇ ಇತ್ತು. ಎರಡೂ ಕೈಯಲ್ಲಿ ಆ ಕರಿ ನೀರು ಬಾಚಿ ಬಾಚಿ ಕಣ್ಣಿಗೆ ಹಾಕಿಕೊಂಡಳು. ಆಸಿಡ್ಡು ಬಿದ್ದ ಕಣ್ಣನ್ನು ಆಸಿಡ್ಡಿನ ನೀರಿನಲ್ಲೇ ತೊಳೆದಳು.

"ಅದಲ್ಲ! ಅದಲ್ಲ ಅತ್ತಿಗೆ! ಮೇಲಿನ ನೀರು!"

ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಆಗಲಿಲ್ಲವೋ. ನಾನು ಹಿತ್ತಿಲ ಬಾಗಿಲಿನಿಂದ ಸುತ್ತು ಹಾಕಿ ಓಡಿದೆ. ಹೋಗಿ ನೀಲಿ ಬಕೆಟ್ಟನ್ನು ಎತ್ತಿ ಅವಳ ತಲೆಯ ಮೇಲೆಯೇ ಸುರಿದೆ. ಡ್ರೈವರಣ್ಣ ಒರೆಸುವ ಬಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದ. ಅಮ್ಮಾವ್ರು ವರಾಂಡಕ್ಕೆ ಬಂದು ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯೋ ದೇವ್ರೇ, ಒಳಗೆ ಕರ್ಕೊಂಡು ಬಾ, ಒಳಗೆ ಬಾ," ಅಂದರು. ನಾನು ಅತ್ತಿಗೆಯನ್ನು ತಬ್ಬಿ ಎಬ್ಬಿಸಿ ಮೆಟ್ಟಿಲ ಕಡೆ ಎರಡು ಹೆಜ್ಜೆ ಇಟ್ಟಿರಬೇಕು.

"ಈ ಕಡೆಯಿಂದ ಅಲ್ಲಮ್ಮ," ಅಂದರು. "ಹಿಂದಿನಿಂದ."

ನಾನು ಒಳಗೂ ಹೋಗಲಿಲ್ಲ, ಹಿಂದಿನಿಂದಲೂ ಹೋಗಲಿಲ್ಲ. ಗೇಟಿನ ಕಡೆ ತಿರುಗಿಸಿಕೊಂಡು ಹೋದೆ. ಬೀದಿಯಲ್ಲಿ ಸಿಕ್ಕ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವಳು ನನ್ನ ಮೊಣಕೈ ಹಿಡಿದುಕೊಂಡಿದ್ದಳು. "ಬಿದ್ದ ಬಾಟ್ಲಿ ಎತ್ತಿ ಇಡ್ದೆ ಬಂದೆ ಕಣೇ," ಅಂದಳು. "ಚೆಲ್ಲಿ ಕಲ್ಲು ಕಲೆ ಆಗುತ್ತೆ."

ಕಣ್ಣಿನ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಒಳ್ಳೆಯವಳೇ. ಅತ್ತಿಗೆಯ ರೆಪ್ಪೆ ಬಿಡಿಸಿ ನೀರು ಬಿಟ್ಟೇ ಬಿಟ್ಟಳು. ಬಾಟಲಿ ಮೇಲೆ ಬಾಟಲಿ.

"ಬಿದ್ದ ತಕ್ಷಣ ತೊಳೆದ್ರಾ?" ಎಂದು ಕೇಳಿದಳು.

"ತೊಳೆದೆ."

"ಯಾವ ನೀರಲ್ಲಿ?"

"ಕೆಳಗಿನ ನೀರಲ್ಲಿ."

"ಕೆಳಗಿನ ನೀರು ಅಂದ್ರೆ?"

ಅತ್ತಿಗೆ ಇದನ್ನೂ ಬಿಡಿಸಿ ಹೇಳಬೇಕಾ ಅನ್ನುವ ಹಾಗೆ ನನ್ನ ಕಡೆ ಮುಖ ತಿರುಗಿಸಿದಳು. ನಾನೇ ಹೇಳಿದೆ. ಬ್ರಶ್ಶು ಅದ್ದುವ ನೀರು, ಆಸಿಡ್ಡು ಬೆರೆತ ನೀರು. ಡಾಕ್ಟರ ಕೈ ನಿಂತಿತು.

"ಹತ್ತಿರದಲ್ಲಿ ಬೇರೆ ಒಳ್ಳೆ ನೀರು ಇರ್ಲಿಲ್ವಾ?"

"ಇತ್ತು," ಅಂದಳು ಅತ್ತಿಗೆ.

"ಮತ್ತೆ?"

"ಅದು ಕಾರಿಂದು."

ಡಾಕ್ಟರು ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ. ಬಲಗಣ್ಣು ಹೋಯಿತು. ಎಡಗಣ್ಣಿಗೆ ಸ್ವಲ್ಪ ಏಟಾಗಿದೆ, ಇನ್ನೊಂದು ಹನಿ ಬಿದ್ದರೆ ಅದೂ ಇಲ್ಲ, ಇನ್ನು ಈ ಕೆಲಸದ ಹತ್ತಿರ ಸುಳಿಯಬೇಡಿ ಅಂತ ಕೈ ಮುಗಿಯುವ ಹಾಗೆ ಹೇಳಿ ಕಳಿಸಿದಳು.

ಅತ್ತಿಗೆ ಅಳಲಿಲ್ಲ. ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲಿ ಕೂತಳು. ಒಲೆ ಹಚ್ಚಲು ಹೋಗಿ ಕೈ ಸುಟ್ಟುಕೊಂಡಳು. ಲೋಟಕ್ಕೆ ಟೀ ಬಗ್ಗಿಸಲು ಹೋಗಿ ಪಕ್ಕಕ್ಕೆ ಬಗ್ಗಿಸಿದಳು. ಒಂದೇ ಕಣ್ಣಿದ್ದರೆ ದೂರ ಹತ್ತಿರ ಗೊತ್ತಾಗುವುದಿಲ್ಲವಂತೆ. ನಾನು ಬಗ್ಗಿಸಿಕೊಡುತ್ತೇನೆ ಅಂದರೆ ಬೇಡ ಅನ್ನುತ್ತಿದ್ದಳು. ಏನು ಕೇಳಿದರೂ ಒಂದೇ ಮಾತು.

"ನಂದೇ ತಪ್ಪು ಬಿಡು."

"ನಿಂದ್ ಹೆಂಗೆ ತಪ್ಪು?"

"ಪಕ್ಕದಲ್ಲೇ ಒಳ್ಳೆ ನೀರಿತ್ತಲ್ಲ. ಬುದ್ಧಿ ಬೇಡ್ವಾ ನಂಗೆ?"

ಈ ಮಾತು ಅವಳದ್ದಲ್ಲ. ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ನಾನು ಆ ಮನೆಗೆ ಪಾತ್ರೆ ತೊಳೆಯಲು ಹೋಗುತ್ತಲೇ ಇದ್ದೆ. ಹೋಗದೆ ಏನು ಮಾಡಲಿ, ಇಬ್ಬರ ಹೊಟ್ಟೆ ಇತ್ತು. ಅಲ್ಲಿ ಇದೊಂದು ಕಥೆ ಆಗಿತ್ತು. ಯಾರೇ ಮನೆಗೆ ಬರಲಿ, ಯಜಮಾನರು ಅದನ್ನು ಹೇಳುತ್ತಿದ್ದರು. "ಪಕ್ಕದಲ್ಲಿ ಒಂದು ಬಕೆಟ್ ಫಿಲ್ಟರ್ ನೀರು ಸಾರ್! ನೀವು ನಾವು ಕುಡಿಯೋ ಅಂಥ ನೀರು! ಅದನ್ನ ಬಿಟ್ಟು ಆಸಿಡ್ ನೀರಲ್ಲಿ ಕಣ್ಣು ತೊಳ್ಕೊಂಡಿದ್ದಾಳೆ. ಏನ್ ಹೇಳ್ತೀರ ಈ ಜನಕ್ಕೆ?" ಬಂದವರು ತಲೆ ಆಡಿಸುತ್ತಿದ್ದರು. ಕೆಲವರು ಅಯ್ಯೋ ಪಾಪ ಅನ್ನುತ್ತಿದ್ದರು. ಕೆಲವರು ನಗುತ್ತಿದ್ದರು. ನಾನು ಅವರ ಎಂಜಲು ಲೋಟ ಎತ್ತಿಕೊಂಡು ಬರುತ್ತಿದ್ದೆ. ಸಿಂಕಿನಲ್ಲಿ ಲೋಟ ಕುಕ್ಕುತ್ತಿದ್ದೆ. ಒಂದು ದಿನ ಒಂದು ಒಡೆದೂ ಹೋಯಿತು. ಒಡೆಯಲಿ.

ಅಮ್ಮಾವ್ರು ಇದೇ ಮಾತನ್ನು ಅತ್ತಿಗೆಗೆ ಫೋನಿನಲ್ಲಿ ಹೇಳಿದ್ದರು. ಪ್ರೀತಿಯಿಂದಲೇ ಹೇಳಿದ್ದರು. "ಅಷ್ಟೂ ಗೊತ್ತಾಗ್ಲಿಲ್ವಾ ನಿಂಗೆ? ಪಕ್ಕದಲ್ಲೇ ಇತ್ತಲ್ಲೇ!" ಅಂತ ನಾಲಿಗೆ ಲೊಚಗುಟ್ಟಿದ್ದರು. ಅತ್ತಿಗೆ ಆ ಮಾತನ್ನು ನುಂಗಿದ್ದಳು, ಅದು ಒಳಗೆ ಇಳಿದು ಕೂತಿತ್ತು. ನಾನು ಬೈದೆ, ಗೋಗರೆದೆ. ನಿನ್ನ ತಪ್ಪಲ್ಲ ಅಂತ ಒಂದು ಸಲ ಬಾಯಿಬಿಟ್ಟು ಹೇಳು ಅತ್ತಿಗೆ ಅಂದೆ. ಅವಳು ಹೇಳಲಿಲ್ಲ. ಹೋದ ಕಣ್ಣು ಹೋಯಿತು, ಅದಕ್ಕೆ ಯಾರೂ ಏನೂ ಮಾಡಲಾಗದು. ಆದರೆ ಇವಳು ಹೀಗೆ ತಲೆ ತಗ್ಗಿಸಿಕೊಂಡು ಆ ಬಾಟಲಿಯ ಮುಂದೆ ಮತ್ತೆ ಹೋಗಿ ಕೂತರೆ ಉಳಿದ ಕಣ್ಣೂ ಹೋಗುತ್ತದೆ ಅನ್ನುವ ಭಯ ನನ್ನನ್ನು ತಿನ್ನುತ್ತಿತ್ತು.

ಆ ಭಯ ಸುಳ್ಳಾಗಲಿಲ್ಲ. ಒಂದು ರಜೆಯ ದಿನ ಅಮ್ಮಾವ್ರು ಅವಳನ್ನು ಕರೆಸಿದರು. ಹೋಗಬೇಡ ಅಂದೆ. "ಕರೆದಿದ್ದಾರೆ, ಹೋಗದೆ ಇದ್ರೆ ಹೆಂಗೆ? ಕೆಲಸ ಬಿಡೋಕಾಗುತ್ತಾ?" ಅಂದಳು. ಬೆಳಿಗ್ಗೆಯೇ ಎದ್ದು ತಲೆ ಬಾಚಿಕೊಂಡಿದ್ದಳು. ಬೈತಲೆ ಸೊಟ್ಟಗಾಗಿತ್ತು. ನಾನು ಸರಿ ಮಾಡಿದೆ.

ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಯಜಮಾನರು, ಅಮ್ಮಾವ್ರು, ನೆಂಟರು ಕೂತಿದ್ದರು. ಕಾರು ನೋಡಲು ಬಂದಿದ್ದ ಆ ನೆಂಟರೇ. ಡ್ರೈವರಣ್ಣ ಬಾಗಿಲು ಒರೆಸುತ್ತಿದ್ದ. ಪಕ್ಕದಲ್ಲಿ ಸ್ಟೂಲು, ನೀಲಿ ಬಕೆಟ್ಟು. ನೆಲದಲ್ಲಿ ಪೇಂಟಿನ ಡಬ್ಬಿ. ಎಲ್ಲ ಇದ್ದ ಹಾಗೇ ಇತ್ತು. ಅತ್ತಿಗೆ ನನ್ನ ತೋಳು ಬಿಟ್ಟು ಕೈ ಮುಗಿದಳು.

ಅಮ್ಮಾವ್ರು ಒಂದು ಕಪ್ಪು ಕನ್ನಡಕ ಕೊಟ್ಟರು. "ತಗೋ, ಹಾಕ್ಕೋ. ಮಗಂದು. ನೋಡಿದೋರಿಗೆ ಹೆದರಿಕೆ ಆಗಬಾರ್ದು ನೋಡು." ಅತ್ತಿಗೆ ಹಾಕಿಕೊಂಡಳು. ಅದು ಅವಳ ಮೂಗಿನಿಂದ ಜಾರುತ್ತಿತ್ತು.

"ನಾಳೆಯಿಂದ ಬಾ," ಅಂದರು ಯಜಮಾನರು. "ಗಾಲಿ ಎಲ್ಲ ಹಾಳಾಗಿವೆ. ಇವನ ಕೈಯಲ್ಲಿ ಆಗಲ್ಲ. ಅಯ್ಯೋ, ಹೆದರ್ಬೇಡ. ಇನ್ಮೇಲೆ ಮೇಲಿನ ನೀರು ಮುಟ್ಬಹುದು ನೀನು. ನಾನೇ ಹೇಳ್ತಾ ಇದ್ದೀನಿ. ಕಣ್ಣಿಗೆ ಏನಾದ್ರೂ ಬಿದ್ರೆ ಮುಟ್ಟು."

ಕಣ್ಣಿಗೆ ಬಿದ್ದರೆ ಮಾತ್ರ. ಉಳಿದದ್ದು ಒಂದು ಕಣ್ಣು, ಅದಕ್ಕೂ ಬಿದ್ದ ಮೇಲೆ ಅಪ್ಪಣೆ. ನನಗೆ ಬಾಯಿ ತುಂಬ ಬೈಗುಳ ಬಂತು. ಅಷ್ಟರಲ್ಲಿ ನೆಂಟರ ಹೆಂಗಸು ಅತ್ತಿಗೆಯ ಕಡೆ ಬಗ್ಗಿ ಕೇಳಿದಳು. ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ಅಲ್ಲಮ್ಮ, ಅಷ್ಟು ಹತ್ತಿರ ನೀರು ಇಟ್ಕೊಂಡು ಯಾಕೆ ಹಂಗೆ ಮಾಡ್ದೆ?"

ಯಜಮಾನರು ನಗಲು ತಯಾರಾಗಿ ಕುರ್ಚಿಗೆ ಒರಗಿದರು. ಬುದ್ಧಿ ಇಲ್ಲ ಅಮ್ಮಾ ಅಂತ ಅತ್ತಿಗೆ ಹೇಳುತ್ತಾಳೆ ಅಂತ ನಾನೂ ಕಾಯುತ್ತಿದ್ದೆ. ಅವಳು ನನಗೂ ಗೊತ್ತಿಲ್ಲದ್ದನ್ನು ಹೇಳಿದಳು.

"ಒಂದ್ಸಲ ಮುಟ್ಟಿದ್ದೆ ಅಮ್ಮಾ," ಅಂದಳು. "ಕೆಲಸಕ್ಕೆ ಸೇರಿದ ಹೊಸತು. ಬಿಸಿಲು ತುಂಬ ಇತ್ತು. ಕೈ ಉರೀತಾ ಇತ್ತು ಅಂತ ಆ ಬಕೆಟ್ಟಲ್ಲಿ ಅದ್ದಿದ್ದೆ. ತಂಪಾಗಿತ್ತು. ಅಮ್ಮಾವ್ರು ವರಾಂಡದಲ್ಲಿ ನಿಂತು ನೋಡಿದ್ರು. ಬೈಲಿಲ್ಲ. ಒಂದು ಮಾತೂ ಅನ್ಲಿಲ್ಲ. ಆ ನೀರು ಪೂರ್ತಿ ಮೋರಿಗೆ ಚೆಲ್ಸಿದ್ರು. ಬಕೆಟ್ಟು ಸೋಪು ಹಾಕಿ ತೊಳೆಸಿದ್ರು. ಬೇರೆ ತುಂಬ್ಸಿದ್ರು. ನಾನು ಅಲ್ಲೇ ನಿಂತಿದ್ದೆ. ನನ್ನ ಕೈಯಿಂದ ನೀರು ಸೋರ್ತಾ ಇತ್ತು. ಅದನ್ನ ಎಲ್ಲಿ ಒರೆಸ್ಲಿ ಅಂತ ಗೊತ್ತಾಗ್ಲಿಲ್ಲ ನಂಗೆ."



"ನಾನಾ?" ಅಂದರು ಅಮ್ಮಾವ್ರು. ಅವರು ನಾಟಕ ಆಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವರ ಮುಖದಲ್ಲಿ ನಿಜವಾಗಿಯೂ ಆಶ್ಚರ್ಯ ಇತ್ತು. "ಯಾವಾಗ? ನಂಗೆ ನೆನಪೇ ಇಲ್ವಲ್ಲ."

ಅತ್ತಿಗೆ ಕನ್ನಡಕ ತೆಗೆದಳು. "ನೆನಪಿಲ್ವಾ ಅಮ್ಮಾ?"

"ಇಲ್ಲಮ್ಮ. ಅಂಥ ಸಣ್ಣ ಸಣ್ಣದೆಲ್ಲ ಯಾರು ನೆನಪಿಟ್ಕೋತಾರೆ?"

ಅತ್ತಿಗೆ ಡ್ರೈವರಣ್ಣನ ಕಡೆ ತಿರುಗಿದಳು. "ಅಣ್ಣಾ, ಚೆಲ್ಲಿದೋನು ನೀನೇ ಅಲ್ವಾ? ತೊಳೆದೋನು ನೀನೇ ಅಲ್ವಾ? ನಿಂಗಾದ್ರೂ ನೆನಪಿದ್ಯಾ?"

ಅವನು ಬಾಗಿಲು ಒರೆಸುತ್ತಿದ್ದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. ಅವನ ಕಿವಿ ಕೆಂಪಾಗಿದ್ದು ನನಗೆ ಕಾಣುತ್ತಿತ್ತು. ನೆನಪಿತ್ತು ಅವನಿಗೆ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ, ಆದರೆ ಆ ಹೊತ್ತಿನಲ್ಲಿ ಅವನ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕು ಅನಿಸಿತು.

"ನಂಗೆ ನೆನಪಿದೆ," ಅಂದಳು ಅತ್ತಿಗೆ.

ಅವಳು ಕುರ್ಚಿಗಳ ನಡುವೆಯೇ ನಡೆದಳು. ಒಂದೇ ಕಣ್ಣಿನಲ್ಲಿ ದೂರ ತಿಳಿಯದೆ ಯಜಮಾನರ ಕುರ್ಚಿಗೆ ತೊಡೆ ತಾಗಿಸಿಕೊಂಡಳು. ನಿಲ್ಲಲಿಲ್ಲ. ಸ್ಟೂಲಿನ ಹತ್ತಿರ ಹೋಗಿ ಗಾಳಿಯಲ್ಲಿ ಒಮ್ಮೆ ತಡವಿ, ಬಕೆಟ್ಟು ಹಿಡಿದಳು. ಮುಚ್ಚಳ ತೆಗೆದಳು. ಎರಡೂ ಕೈಯನ್ನು ಮೊಣಕೈವರೆಗೆ ಮೇಲಿನ ನೀರಿನಲ್ಲಿ ಮುಳುಗಿಸಿದಳು. ಹಾಗೇ ನಿಂತಳು. ಆಮೇಲೆ ಬೊಗಸೆ ತುಂಬ ತುಂಬ ತೆಗೆದು ಮುಖಕ್ಕೆ ಹಾಕಿಕೊಂಡಳು. ಹೋದ ಕಣ್ಣಿಗೂ ಹಾಕಿಕೊಂಡಳು. ನೀರು ಗಂಟಲ ಮೇಲೆ, ರವಿಕೆಯ ಮೇಲೆ, ಕಾರಿನ ಬಾಗಿಲ ಮೇಲೆ ಸಿಡಿಯಿತು. ಯಜಮಾನರು ಎದ್ದು ನಿಂತರು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಕನ್ನಡಕವನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟಳು.

"ನಾಳೆಯಿಂದ ನಾನು ಬರಲ್ಲ," ಅಂದಳು. "ನನ್ನ ನಾದಿನಿನೂ ಬರಲ್ಲ."

ನನ್ನನ್ನು ಕೇಳದೆಯೇ ಹೇಳಿದಳು. ಜೀವನದಲ್ಲಿ ಅಷ್ಟು ಸಂತೋಷದ ಮಾತು ನಾನು ಕೇಳಿರಲಿಲ್ಲ. ಅವಳ ತೋಳು ಹಿಡಿದುಕೊಂಡೆ. ಗೇಟಿನ ಹತ್ತಿರ ಬಂದಿದ್ದೆವು. ಹಿಂದಿನಿಂದ ಅಮ್ಮಾವ್ರ ದನಿ ಕೇಳಿಸಿತು. ಕೋಪದ ದನಿ ಅಲ್ಲ. ದಿನಾ ಕೆಲಸ ಹೇಳುವ ಸಾಮಾನ್ಯ ದನಿ.

"ಆ ನೀರು ಚೆಲ್ಬಿಡಪ್ಪಾ. ಬಕೆಟ್ಟು ತೊಳೆದು ಬೇರೆ ತುಂಬ್ಸು."

ಮೋರಿಗೆ ನೀರು ಬಿದ್ದ ಸದ್ದು ನಮಗೆ ಕೇಳಿಸಿತು. ಅತ್ತಿಗೆ ನಿಂತಳು. ತಿರುಗಲಿಲ್ಲ. ನಾನೇ ಗೇಟು ತೆಗೆದೆ.

ಬೀದಿಗೆ ಬಂದೆವು. ನಾನು ಮಾತಾಡುತ್ತಲೇ ಇದ್ದೆ. ಬೇರೆ ಎಲ್ಲಾದರೂ ಪಾತ್ರೆ ಕೆಲಸ ಹಿಡಿಯೋಣ, ಕೈಕಾಲು ಗಟ್ಟಿ ಇದೆ, ನೀನು ಮನೆಯಲ್ಲಿ ಕೂತು ನನಗೆ ಬೈದುಕೊಂಡಿರು ಸಾಕು ಅಂದೆ. ಅಮ್ಮಾವ್ರ ಮುಖ ಎಂಥಾ ಆಗಿತ್ತು ನೋಡಬೇಕಿತ್ತು ಅಂದೆ. ಅತ್ತಿಗೆ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಕೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಬೇಕರಿಯ ಮುಂದೆ, ಜನ ಓಡಾಡುವ ಕಡೆ, ನಿಂತುಬಿಟ್ಟಳು.

"ನನ್ ತಪ್ಪಲ್ಲ, ಅಲ್ವೇನೇ?" ಅಂದಳು.

ಇಷ್ಟು ದಿನ ಅವಳ ಬಾಯಿಂದ ಕೇಳಲು ನಾನು ಕಾದಿದ್ದ ಮಾತು. "ಅಲ್ಲ ಅತ್ತಿಗೆ. ನಿನ್ ತಪ್ಪೇ ಅಲ್ಲ. ಅದೇ ಅಲ್ವಾ ನಾನು ಬಡ್ಕೊಂಡಿದ್ದು?"

ಅವಳು ನನ್ನ ಮುಖ ನೋಡಿದಳು. ಸರಿಯಾಗಿ ನೋಡಲು ತಲೆಯನ್ನು ಪಕ್ಕಕ್ಕೆ ತಿರುಗಿಸಬೇಕಾಯಿತು. ಆಸ್ಪತ್ರೆಯಲ್ಲಿ ಅಳದವಳು, ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚಿ ಮೊದಲ ಸಲ ಕನ್ನಡಿ ನೋಡಿಕೊಂಡಾಗಲೂ ಅಳದವಳು, ಬೀದಿಯಲ್ಲಿ ನಿಂತು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ನಾನು ತಬ್ಬಿಕೊಂಡೆ. ಬೇಕರಿಯವನು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದ. ನೋಡಲಿ.

"ನನ್ ಬುದ್ಧಿಗೇಡಿತನಕ್ಕೆ ಹೋಯ್ತು ಅಂತ ಸಮಾಧಾನ ಮಾಡ್ಕೊಂಡಿದ್ದೆ ಕಣೇ," ಅಂದಳು ನನ್ನ ಭುಜದಲ್ಲಿ ಮುಖ ಇಟ್ಟು. "ಅವತ್ತು ನೀರು ಚೆಲ್ಸಿದ್ದು ಅವರಿಗೆ ನೆನಪೂ ಇಲ್ವಂತೆ. ಹಂಗಾದ್ರೆ ನನ್ನ ಕಣ್ಣು ಸುಮ್ನೆ ಹೋಯ್ತಲ್ಲೇ."